ಮಂಡಿಯೂರದ ಮೇಷ್ಟ್ರಮ್ಮ

ಆಗ ನಾನು ನಿಂತಿದ್ದದ್ದು ಹಿಮದ ಬೆಟ್ಟ ಹತ್ತಿಸುವ ಲಿಫ್ಟಿನ ಮೇಲಿನ ನಿಲ್ದಾಣದ ಎಡಕ್ಕೆ, ಸ್ಕೀ ಗಸ್ತಿನವರ ಮರದ ಕೋಣೆಯ ಗೋಡೆಗೆ ಬೆನ್ನು ಕೊಟ್ಟು. ಎರಡು ಸಾವಿರದ ದಶಕದ ನಡುಭಾಗ, ಮಾರ್ಚ್ ತಿಂಗಳ ಒಂದು ಶನಿವಾರ, ಮಧ್ಯಾಹ್ನದ ಊಟ ಆಗಷ್ಟೇ ಮುಗಿದಿತ್ತು. ಮೊನ್ನೆ ಸ್ವೀಡನ್ನಿನ ಉಮೆಯೊ ಊರಿನ ಬಸ್ಸಿನಲ್ಲಿ ಮುಂದಿನ ಸೀಟಿನಾಕೆ ಕಿತ್ತಳೆ ಸುಲಿದಾಗ ಆ ವಾಸನೆಗೆ ಇದೆಲ್ಲ ಎದ್ದು ಬಂತು... ಆ ಮಧ್ಯಾಹ್ನವೂ ನಮ್ಮೆಲ್ಲರ ಕೈಗವಸುಗಳಲ್ಲಿ ಅದೇ ವಾಸನೆಯಿತ್ತು. ಕಿತ್ತಳೆ ಹಂಚಿದ್ದವರು ಮೇಷ್ಟ್ರಮ್ಮನೇ.

ಸ್ಕೀ ಇಳಿಜಾರುಗಳಲ್ಲಿ ಬಿದ್ದವರನ್ನು ಎತ್ತಿ ತರುವ ಗಸ್ತಿನವರಿಗೆ ಅವರು ಮೇಲ್ಮಟ್ಟದ ತುರ್ತು ಚಿಕಿತ್ಸೆಯನ್ನೂ ಮುಂದಾಳ್ತನವನ್ನೂ ಕಲಿಸುತ್ತಿದ್ದರು. ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಸ್ವೀಡನ್ನಿನಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೂ ಲವೀನಾಗೂ ನಾಲಿಗೆ ಏಳದೆ, ನಮ್ಮೊಳಗೆ ಮೇಷ್ಟ್ರಮ್ಮ ಎನ್ನುತ್ತಿದ್ದೆವು. ಲವೀನಾ ಮಂಗಳೂರಿನವಳು, ಉಮೆಯೊ ವಿಶ್ವವಿದ್ಯಾಲಯದಲ್ಲಿ ನನ್ನ ಪಕ್ಕದ ಪ್ರಯೋಗಾಲಯದಲ್ಲಿದ್ದಳು. ತರಬೇತಿಯಲ್ಲಿ ಗಾಯಾಳುಗಳ ಪಾತ್ರ ಮಾಡಲು ಜನ ಬೇಕು, ಊಟವೂ ಲಿಫ್ಟ್ ಪಾಸೂ ಉಚಿತ ಎಂದು ತಿಳಿದು ಇಬ್ಬರೂ ಹೋಗಿದ್ದೆವು.

ಮೊದಲ ದಿನ ನನ್ನದು ಎಚ್ಚರ ತಪ್ಪಿದವನ ಪಾತ್ರ. ಹೊದಿಕೆಯ ಬಿಸಿಗೆ ನಿಜವಾಗಿಯೂ ನಿದ್ದೆ ಹತ್ತಿತು.

"ಎಂತ ಮಾರಾಯ, ಗೊರಕೆ ಹೊಡೀತಾ ಇದ್ದೀಯಲ್ಲ!" ಲವೀನಾ ತನ್ನ ಮುರಿದ ಕಾಲನ್ನು ಮರೆತು ಎದ್ದು ಕೂತಳು. "ಸ್ವಲ್ಪ ಮರ್ಯಾದೆಯಿಂದ ಸಾಯಿ."

ಮೇಷ್ಟ್ರಮ್ಮ ನಗಲಿಲ್ಲ. ಶಿಷ್ಯರನ್ನು ಕರೆದು, "ಎಚ್ಚರ ತಪ್ಪಿದವರು ಗೊರಕೆ ಹೊಡೆದ್ರೆ ಉಸಿರಿನ ದಾರಿಗೆ ಅಡ್ಡಿ ಇದೆ ಅಂತ ಅರ್ಥ. ಇವರು ಬಹಳ ಚೆನ್ನಾಗಿ ಮಾಡ್ತಿದ್ದಾರೆ," ಎಂದರು. ಆಮೇಲೆ ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದರು.

ಅವರ ಪಾಠದಲ್ಲಿ ಎರಡು ನಿಯಮಗಳಿಗೆ ವಿನಾಯಿತಿ ಇರಲಿಲ್ಲ. ಮುಂದಾಳು ಗಾಯಾಳುವಿನ ಪಕ್ಕ ಮಂಡಿಯೂರಬಾರದು. ಮಂಡಿಯೂರಿದವರಿಗೆ ಒಂದೇ ಮುಖ ಕಾಣುತ್ತದೆ, ಬೆಟ್ಟ ಕಾಣುವುದಿಲ್ಲ. ಇನ್ನು, ಮುಂದಾಳ್ತನವನ್ನು ಬೇರೊಬ್ಬರಿಗೆ ಕೊಡುವುದಾದರೆ ಬಾಯಿಬಿಟ್ಟು ಹೇಳಬೇಕು, ಅವರೂ 'ಈಗ ನಾನು ಮುಂದಾಳು' ಎಂದು ಗಟ್ಟಿಯಾಗಿ ಹೇಳಬೇಕು. ಹೇಳುವವರೆಗೆ ಅದು ಕೈ ಬದಲಾಗುವುದಿಲ್ಲ. ತಲೆಯಾಡಿಸಿದರೆ ಸಾಲದು. ಇದನ್ನು ಎಲ್ಲರಿಗಿಂತ ಅಚ್ಚುಕಟ್ಟಾಗಿ ಮಾಡುತ್ತಿದ್ದವನು ಯೋನಸ್, ಶಿಷ್ಯರಲ್ಲಿ ಹಿರಿಯ.

ಆ ಶನಿವಾರ ಊಟದ ನಂತರದ ಅಭ್ಯಾಸ ಶುರುವಾಗುವ ಮೊದಲೇ, ಕೋಣೆಯ ಮುಂದಿನ ಇಳಿಜಾರಿನಲ್ಲಿ ಹಿಮದ ಒಂದು ಪದರ ಕಳಚಿತು. ದೊಡ್ಡ ಸದ್ದೇನೂ ಆಗಲಿಲ್ಲ. ಭಾರದ ಚೀಲವನ್ನು ಯಾರೋ ನೆಲಕ್ಕೆ ಇಳಿಸಿದಂತೆ ಕೇಳಿಸಿತು. ಅಲ್ಲಿ ಇಬ್ಬರಿದ್ದರು. ಮೇಷ್ಟ್ರಮ್ಮನ ತಮ್ಮ ಎಚ್ಚರಿಕೆಯ ಕಂಬ ನೆಡುತ್ತಿದ್ದ, ಅವನೂ ಗಸ್ತಿನವನೇ. ಅವನಿಗಿಂತ ಸ್ವಲ್ಪ ಕೆಳಗೆ, ದಾರಿ ತಪ್ಪಿ ಬಂದಿದ್ದ ಒಬ್ಬ ಪ್ರವಾಸಿ ಹುಡುಗಿ.

ಮೇಷ್ಟ್ರಮ್ಮ ಮುಂದಾಳಾದರು. ಶಿಷ್ಯರನ್ನು ಸಲಿಕೆಗಳೊಂದಿಗೆ ಕೆಳಕ್ಕೆ ಕಳಿಸಿದರು. ಯೋನಸ್ ಕೈಗೆ ರೇಡಿಯೋ ಕೊಟ್ಟು ಪಕ್ಕದಲ್ಲೇ ನಿಲ್ಲಿಸಿಕೊಂಡರು. ನಮ್ಮಿಬ್ಬರಿಗೆ, "ನೀವು ಮೇಲೆ ನೋಡ್ತಾ ಇರಿ. ಹಿಮ ಅಲುಗಿದ್ರೆ ಕೂಗಿ. ಕೆಳಗೆ ನೋಡ್ಬೇಡಿ," ಎಂದರು. ಆದರೂ ಕೆಳಗಿನದು ಕಾಣುತ್ತಲೇ ಇತ್ತು...

ಇಬ್ಬರನ್ನೂ ಹಿಮದಡಿಯಿಂದ ಬೇಗನೆ ಅಗೆದು ತೆಗೆದರು. ಹುಡುಗಿ ಉಸಿರಾಡುತ್ತಿದ್ದಳು. ತಮ್ಮನಾದರೋ ಬಂಡೆಗೆ ಅಪ್ಪಳಿಸಿದ್ದ, ಉಸಿರಿರಲಿಲ್ಲ. ಒಬ್ಬ ಶಿಷ್ಯ ಅವನ ಎದೆ ಒತ್ತತೊಡಗಿದ. ಮೋಡ ಬೆಟ್ಟದ ನೆತ್ತಿಗೆ ಇಳಿದಿದ್ದರಿಂದ ಹೆಲಿಕಾಪ್ಟರ್ ಬರುವಂತಿರಲಿಲ್ಲ. ಹುಡುಗಿಯನ್ನು ಜಾರುಬಂಡಿಗೆ ಕಟ್ಟಿ ಮೊದಲು ಇಳಿಸಿ ಎಂದು ಮೇಷ್ಟ್ರಮ್ಮ ಕೂಗಿ ಹೇಳಿದರು. ಆಮೇಲೆ ಪಕ್ಕಕ್ಕೆ ತಿರುಗಿದರು.

"ಯೋನಸ್, ಮುಂದಾಳ್ತನ ನಿನಗೆ ಕೊಡ್ತಾ ಇದ್ದೀನಿ."

ಸ್ವೀಡಿಷ್‌ನಲ್ಲಿ ಹೇಳಿದರು, ಅಷ್ಟು ನನಗೂ ಲವೀನಾಗೂ ಆಗಲೇ ಅರ್ಥವಾಗುತ್ತಿತ್ತು. ಯೋನಸ್ ಅವರನ್ನೇ ನೋಡಿದ. ಬಾಯಿ ತೆರೆದಿತ್ತು.

"ಯೋನಸ್. ತಗೋ. ನಾನು ಅವನ ಹತ್ರ ಹೋಗ್ಬೇಕು."

ಅವನು ತಲೆಯಾಡಿಸಿದ. ಅಷ್ಟೇ.

ಮೇಷ್ಟ್ರಮ್ಮ 'ಈಗ ನಾನು ಮುಂದಾಳು' ಎಂಬ ಮಾತಿಗೆ ಕಾದರು. ಆಮೇಲೆ ಅವನ ಕೈಯಿಂದ ರೇಡಿಯೋವನ್ನು ಮೆಲ್ಲಗೆ ಬಿಡಿಸಿಕೊಂಡರು. ಮತ್ತೆ ಬೆಟ್ಟದ ಕಡೆ ಮುಖ ಮಾಡಿ ನಿಂತರು.

"ಹೋಗಿ ಮೇಷ್ಟ್ರಮ್ಮ, ದಮ್ಮಯ್ಯ, ಹೋಗಿ," ಎಂದು ಲವೀನಾ ಕನ್ನಡದಲ್ಲೇ ಅಳತೊಡಗಿದಳು. ಅವರಿಗೆ ಅರ್ಥವಾಗುವಂತಿರಲಿಲ್ಲ.

ಆಸ್ಪತ್ರೆಯ ವೈದ್ಯರು ರೇಡಿಯೋದಲ್ಲಿ ಒಂದೊಂದಾಗಿ ಕೇಳುತ್ತಾ ಹೋದರು. ಕೆಳಗಿನಿಂದ ಶಿಷ್ಯ ಕೂಗಿದ್ದನ್ನು ಮೇಷ್ಟ್ರಮ್ಮ ಹಾಗೆಯೇ ದಾಟಿಸುತ್ತಾ ಹೋದರು: ಎದೆ ಹೀಗಿದೆ, ಕಣ್ಣಿನ ಪಾಪೆ ಹೀಗಿದೆ. ಅವನು ತನ್ನ ತಮ್ಮ ಎಂಬ ಮಾತನ್ನು ಎತ್ತಲೇ ಇಲ್ಲ. ವೈದ್ಯರು ಇನ್ನು ಸಾಕು ಎಂದಾಗ, ನಿಲ್ಲಿಸು ಎಂದು ಶಿಷ್ಯನಿಗೆ ಹೇಳಿದವರೂ ಇವರೇ. ನಿಂತಲ್ಲಿಂದಲೇ ಹೇಳಿದರು. ಕೊನೆಯ ಶಿಷ್ಯನೂ ಇಳಿಜಾರಿನಿಂದ ಹೊರಬಂದು, ದೇಹವನ್ನು ಕೋಣೆಯ ಬಳಿಗೆ ತಂದ ಮೇಲೆ ಮಂಡಿಯೂರಿದರು. ಹುಡುಗಿ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಅವರು ಮತ್ತೆ ಪಾಠ ಮಾಡಲಿಲ್ಲ. ಕೆಲವು ವರ್ಷಗಳ ನಂತರ ಉಮೆಯೊದ ಒಂದು ಕಾಫಿ ಅಂಗಡಿಯಲ್ಲಿ ಸಿಕ್ಕಿದರು. ಗುರುತು ಹಿಡಿದು, ಎದುರಿನ ಕುರ್ಚಿ ತೋರಿಸಿದರು. ಯೋನಸ್ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ.

"ಇಲ್ಲ. ಅವನನ್ನ ತಯಾರು ಮಾಡಿದ್ದು ನಾನು." ಕಪ್ಪನ್ನು ಪಕ್ಕಕ್ಕೆ ಸರಿಸಿದರು. "ಹೋಗಿದ್ರೂ ತಮ್ಮ ಉಳೀತಿರ್ಲಿಲ್ಲ. ಅದು ನನಗೆ ಅಲ್ಲೇ ಗೊತ್ತಿತ್ತು... ಕೈ ಬೆಚ್ಚಗಿರೋವಾಗ ಹಿಡ್ಕೋಬಹುದಿತ್ತು."

ಸಮಾಧಾನ ಸಿಗಲೆಂದು ಅವರು ಹೇಳಿದ್ದಲ್ಲ.

ಈ ಚಳಿಗಾಲದಲ್ಲಿ ಮೇಷ್ಟ್ರಮ್ಮ ತೀರಿಹೋದರು. ಪತ್ರಿಕೆಯಲ್ಲಿ ನೋಡಿ ಲವೀನಾ ಫೋನ್ ಮಾಡಿದಳು. ಮುಂದಾಳ್ತನ ತಗೋ ಎಂದು ಅವರು ಎರಡು ಸಲ ಕೇಳಿದ್ದನ್ನು ಹತ್ತಿರದಿಂದ ಕಂಡವರು ನಾವು ಮೂವರೇ. ಲವೀನಾ ಇದ್ದಾಳೆ, ಲಿಂಕೋಪಿಂಗಿನಲ್ಲಿ. ಯೋನಸ್ ಇದ್ದಾನೆ, ಗಸ್ತಿನ ಕೆಲಸ ಬಿಟ್ಟು ಟ್ರೋಲ್‌ಹೆಟ್ಟನ್ ಕಡೆ ಬಡಗಿಯಾಗಿದ್ದಾನಂತೆ. ನಾನಿದ್ದೇನೆ.