ಸ್ವೆಟರ್ ಅಕ್ಕನ ವೀಸಾ ಅರ್ಜಿ

ಫಟ್! ಫಟ್! ನಿಟ್ಟುವಳ್ಳಿಯ ರಸ್ತೆಬದಿಯಲ್ಲಿ ಸ್ವೆಟರ್‌ಗಳ ಮಡಿಕೆ ಬಿಚ್ಚಿ ಕೊಡವುವ ಆ ಸದ್ದು ಕೇಳಿದರೆ ನಮ್ಮ ದಾವಣಗೆರೆಗೆ ವಿಂಟರ್ ಬಂತೆಂದೇ ಲೆಕ್ಕ. ಕೊಡವುವವಳ ಕೆನ್ನೆ ಚಳಿಯಿಲ್ಲದಿದ್ದರೂ ಕೆಂಪು. ನಕ್ಕರೆ ಕಣ್ಣುಗಳು ಎರಡು ಗೆರೆ. ಎಲ್ಲರಿಗೂ ಆಕೆ ಸ್ವೆಟರ್ ಅಕ್ಕ. ತಂದೆತಾಯಿ ಟಿಬೆಟ್ ಬಿಟ್ಟು ಓಡಿಬಂದವರು. ಆಕೆ ಹುಟ್ಟಿದ್ದು ಮುಂಡಗೋಡಿನ ಕ್ಯಾಂಪಿನಲ್ಲಿ. ಆಕೆಯ ಕನ್ನಡ ನನ್ನ ಕಾನ್ವೆಂಟ್ ಕನ್ನಡಕ್ಕಿಂತ ಎಷ್ಟೋ ಚೆನ್ನ.

'ಫಿಕ್ಸೆಡ್ ರೇಟ್' ಬೋರ್ಡಿನ ಕೆಳಗೇ ನಿಂತು ಜನ ಚೌಕಾಸಿಗಿಳಿಯುತ್ತಿದ್ದರು. "ಚಳಿ ಏನ್ ನಿಮ್ ಕೂಡ ಚೌಕಾಸಿ ಮಾಡ್ತೈತೇನ್ರಿ ಸಾಹೇಬ್ರ?" ಎನ್ನುತ್ತ ಮುದುಕರ ಕುತ್ತಿಗೆಗೆ ಮಫ್ಲರ್ ಸುತ್ತಿಯೇ ಬಿಡುತ್ತಿದ್ದಳು.

ಆಕೆ ಇಲ್ಲಿಗೆ ಬಂದ ಕೊನೆಯ ವರ್ಷ, ಅಂಗಡಿಯ ಮುಂದೆ ನಿಂತಿದ್ದ ನನ್ನ ಕೈಗೆ ಒಂದು ಫಾರಂ ಕೊಟ್ಟಳು. ನರ್ಸ್ ಮಗಳು ಬೆಲ್ಜಿಯಂನಲ್ಲಿ ಆಶ್ರಯ ಪಡೆದು ಅಲ್ಲೇ ನೆಲೆಸಿದ್ದಳು, ಈಗ ಬಸುರಿ. ಬಾಣಂತನಕ್ಕೆ ಹೋಗಲು ವೀಸಾ ಬೇಕು.

"ಇಲ್ಲೇ ಇಷ್ಟೊಂದು ಹೊಸ ಆಸ್ಪತ್ರೆಗಳಾಗಿವೆಯಲ್ಲ, ಮಗಳು ಯಾಕೆ ಹೋದಳು?" ಎಂದೆ.

"ಅದಾವ್ರಿ ಮಿಸ್. ಸರ್ಕಾರಿ ನೌಕರಿ ಅಂದ್ರ ನಮ್ಮ ಕಾಗದ ನಡೆಯಂಗಿಲ್ಲ. ಕ್ಯಾಂಪಿನ ಹುಡುಗ್ರೆಲ್ಲ ಹೊಂಟೇ ಹೋದ್ರು. ನೀವ ಬರದ್ಕೊಡ್ರಿ."

ಟೀಚರ್ ಆಗಿದ್ದವಳು, ನನ್ನ ಹ್ಯಾಂಡ್‌ರೈಟಿಂಗ್ ಮೇಲೆ ನನಗೆ ಬಹಳ ಪ್ರೈಡ್. ನ್ಯಾಷನಾಲಿಟಿ ಎಂಬಲ್ಲಿ ಯೋಚಿಸದೆ ದುಂಡಗೆ 'ಇಂಡಿಯನ್' ಎಂದು ಬರೆದೆ.

"ಅಯ್ಯಯ್ಯೋ ಮಿಸ್! ಕಾಗದದಾಗ ನಾ ಇನ್ನೂ ನಿರಾಶ್ರಿತಳು! ಸುಳ್ಳು ಬರದಾಳ ಅಂತ ವೀಸಾ ಕೊಡದಿದ್ರ ಮೊಮ್ಮಗೂನ ಹೆಂಗ ನೋಡ್ಲಿ?"

ಇಂಕಿನಲ್ಲಿ ಬರೆದದ್ದು, ಅಳಿಸುವಂತಿರಲಿಲ್ಲ. ಮಫ್ಲರ್ ಕೊಳ್ಳಲು ಬಂದಿದ್ದ ಆಟೋದವನು ಇಣುಕಿದ. "ಟೀಚರ್ರು ಕರೆಕ್ಟಾಗೇ ಬರದಾರಲ್ಲಕ್ಕ. ನೀನು ನಮ್ಮಾಕಿ ಅಲ್ಲೇನು?"

ಆಕೆ ನಗತೊಡಗಿದಳು, ನಾನೂ. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ವೀಸಾ ಆಫೀಸಿನಾಗ ಇವ್ನ ಕುಂತಿರಬೇಕಿತ್ತು ನೋಡ್ರಿ," ಎಂದಳು. ಅವನೇ ಹೋಗಿ ಖಾಲಿ ಫಾರಂ ಪ್ರಿಂಟ್ ತೆಗೆಸಿಕೊಂಡು ಬಂದ. ಮತ್ತೆ ಬರೆದೆ, ಆ ಜಾಗದಲ್ಲಿ ಆಕೆ ಹೇಳಿದಂತೆ 'ಟಿಬೆಟನ್ ರೆಫ್ಯೂಜಿ'. ಅಷ್ಟು ಕೆಟ್ಟ ಅಕ್ಷರ ನಾನು ಎಂದೂ ಬರೆದವಳಲ್ಲ.

ವೀಸಾ ಬಂತು. ಹುಬ್ಬಳ್ಳಿಯಲ್ಲಿ ಬೆಂಗಳೂರಿನ ರೈಲು ಹತ್ತಿದ್ದೇನೆಂದು ಫೋನ್ ಮಾಡಿದಳು. ಹರಿಹರದ ತಂಗಿಯ ಮನೆಗೆ ಹೋಗಿದ್ದ ನಾನು ಅಲ್ಲಿನ ಸ್ಟೇಷನ್ನಿಗೆ ಓಡಿದೆ. ಗಾಡಿ ನಿಲ್ಲುವುದು ಎರಡೇ ನಿಮಿಷ. ಬಾಗಿಲಲ್ಲೇ ನಿಂತಿದ್ದಳು, ಫೋನ್ ಎತ್ತಿ ಹಿಡಿದು.

"ಮಿಸ್, ನಾ ಮುಟ್ಟೋದ್ರಾಗ ಮೊಮ್ಮಗಳು ಬಂದಬಿಟ್ಟಾಳ ನೋಡ್ರಿ! ಇವತ್ತ ಮುಂಜಾನೆ!"

ಬಿಸಿಲಿಗೆ ಸ್ಕ್ರೀನಿನಲ್ಲಿ ನನಗೇನೂ ಕಾಣಿಸಲಿಲ್ಲ.

"ಥೇಟ್ ನಿನ್ನ ಹಾಗೇ ಇದ್ದಾಳೆ," ಎಂದೆ.

ರೈಲು ಹೊರಟಿತು. ಆಕೆ ಇನ್ನೂ ಫೋನನ್ನು ನನ್ನ ಕಡೆಗೇ ತಿರುಗಿಸಿ ಹಿಡಿದಿದ್ದಳು.