ಉದ್ದ ಕಿವಿಯ ನೆಂಟ

ಉತ್ತರದ ಹಿಮನಾಡಿನ ಜೇಮ್ಸ್ ಕೊಲ್ಲಿಯ ದಡದಲ್ಲಿ, ಕ್ರೀ ಬುಡಕಟ್ಟಿನ ಊರಿನಲ್ಲಿ ಹ್ಯಾರಿಯೆಟ್ ಅಜ್ಜಿಯ ಉರುಲಿಗೆ ಮೊಲ ಬಿತ್ತೆಂದರೆ ಮನೆಮಂದಿಯ ಬಾಯಿಗೆ ಬೀಗ ಬಿತ್ತೆಂದೇ ಲೆಕ್ಕ. ಗಂಡ, ಪಾದ್ರಿ, ಪಕ್ಕದ ಮನೆಯವರು ಎಲ್ಲರನ್ನೂ ಬಾಯಿಗೆ ಬಂದಂತೆ ಬೈಯುವ ಅಜ್ಜಿ ಮೊಲದ ಎದುರಿಗೆ ಮಾತ್ರ ಬೆಣ್ಣೆ. ಮಲಗಿದ ಮಗುವಿನ ಅಂಗಿ ಬಿಚ್ಚುವಷ್ಟು ನಯವಾಗಿ ಚರ್ಮ ಸುಲಿಯುತ್ತಾಳೆ. ಮಗ ಎಲೈಜಾ "ಈ ಸಲದ್ದು ಸ್ವಲ್ಪ ಬಡಕಲು ಕಣಮ್ಮ" ಎಂದರೆ ಸೌಟು ಎತ್ತುತ್ತಾಳೆ: "ಮೆಲ್ಲಗೆ ಮಾತಾಡೋ ಮುಟ್ಠಾಳ! ಕಿವಿ ಎಷ್ಟುದ್ದ ಇದೆ ನೋಡು, ಎಲ್ಲಾ ಕೇಳಿಸ್ಕೊಳ್ಳುತ್ತೆ!" "ಅಮ್ಮಾ, ಅದು ಸತ್ತಿದೆ." "ಆದ್ರೇನು? ಹೋಗಿ ಅದರ ಬಳಗಕ್ಕೆಲ್ಲ ಹೇಳುತ್ತೆ!" ಉಂಡ ಮೇಲೆ ಎಲುಬಿನ ತನಿಖೆ, ಚೂರು ಮಾಂಸ ಉಳಿದಿದ್ದರೂ ತಟ್ಟೆ ವಾಪಸ್ಸು. ನಾಯಿ ಕಚ್ಚಿದರೆ ಮೊಲಕ್ಕೆ ಅವಮಾನವೆಂದು ಚೊಕ್ಕವಾದ ಎಲುಬುಗಳನ್ನು ಗಂಟು ಕಟ್ಟಿ, ತಾನೇ ಏಣಿ ಹತ್ತಿ ಮರಕ್ಕೆ ನೇತುಹಾಕುತ್ತಾಳೆ. ಕೆಳಗೆ ಏಣಿ ಹಿಡಿದ ಗಂಡನಿಗೆ ಬೈಗುಳ ಆಗಲೇ ಶುರು. ಸುಲಿಯುವ ಮೊದಲು ಮೊಲದ ಕಿವಿಯಲ್ಲಿ ಅದೇನೋ ಪಿಸುಗುಡುವುದೂ ಉಂಟು. ಪ್ರಾರ್ಥನೆಯಿರಬೇಕೆಂದು ಎಲ್ಲರೂ ಅಂದುಕೊಂಡಿದ್ದರು. ಸೊಸೆ ಡೇಜಿ ಒಮ್ಮೆ ಕಟ್ಟಿಗೆ ತರುವ ನೆಪದಲ್ಲಿ ಹತ್ತಿರ ಹೋಗಿ ಕೇಳಿಸಿಕೊಂಡಳು: "ಹೊಸದಾಗಿ ಮದುವೆಯಾಗಿ ಬಂದಾಗ ತಟ್ಟೆ ನೂಕಿ 'ಇವತ್ತೂ ಮೊಲಾನೇನಾ' ಅಂದ್ಬಿಟ್ಟೆ ಕಣಪ್ಪಾ. ಮರುವರ್ಷ ನಿಮ್ಮೋರು ಒಬ್ರೂ ಬರ್ಲಿಲ್ಲ, ಉಣ್ಣೋಕಿಲ್ದೆ ನನ್ನ ಚೊಚ್ಚಲ ಕೂಸು ಆ ಚಳಿಗಾಲ ದಾಟ್ಲಿಲ್ಲ. ಇನ್ನೂ ಸಿಟ್ಟಿದ್ರೆ ನನ್ನ ಮೇಲಿರ್ಲಿ. ಈ ಮನೆಮಂದಿ ತಟ್ಟೆಗೆ ಬರೋದ್ ಮಾತ್ರ ಬಿಡ್ಬೇಡ." ಆವತ್ತು ಡೇಜಿಯ ತಟ್ಟೆಯ ಎಲುಬುಗಳನ್ನು ಅಜ್ಜಿ ತನಿಖೆ ಮಾಡಬೇಕಾಗಲಿಲ್ಲ.