ಅವರವರ ಮುಖ ಅವರವರೇ ಎಳೆಯಬೇಕು

ಯಂತ್ರ ಕೆಟ್ಟಾಗ ನಾನು ಮಾಡುವುದು ಒಂದೇ ಕೆಲಸ. ಆಫ್ ಮಾಡುತ್ತೇನೆ, ಆನ್ ಮಾಡುತ್ತೇನೆ. ಇದನ್ನೇ ಹೆಗಲಿಗೊಂದು ಕಂಪನಿಯ ಬ್ಯಾಗು ಹಾಕಿಕೊಂಡು, ಹುಬ್ಬು ಗಂಟಿಕ್ಕಿಕೊಂಡು ಮಾಡಿದರೆ ತಂತ್ರಜ್ಞ ಎನ್ನುತ್ತಾರೆ, ಸಂಬಳವನ್ನೂ ಕೊಡುತ್ತಾರೆ. ಶಾಲೆಗಳ ಸ್ಮಾರ್ಟ್ ಬೋರ್ಡುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಕ್ಕಳು ನನ್ನನ್ನು ಆಫ್-ಆನ್ ಅಂಕಲ್ ಎಂದು ಕರೆಯುತ್ತಾರೆ. ಮಕ್ಕಳ ಕಣ್ಣಿಗೆ ಮಣ್ಣೆರಚುವುದು ಕಷ್ಟ.

ನಮ್ಮ ಅಕ್ಕ ಹಾಗಲ್ಲ. ಅವಳಿಗೆ ನಿಜವಾಗಿ ಒಂದು ಕೆಲಸ ಬರುತ್ತಿತ್ತು, ಪಾಠ ಮಾಡುವುದು. ಚಿಕ್ಕವಳಿದ್ದಾಗಲೇ ಅಡುಗೆಮನೆಯ ಬಾಗಿಲಿನ ಮೇಲೆ ಇದ್ದಿಲಿನಿಂದ ಬರೆದು ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಅವಳ ಮೊದಲ ವಿದ್ಯಾರ್ಥಿ ನಾನು. ಫಲಿತಾಂಶ ನಿಮ್ಮ ಮುಂದೆಯೇ ಇದೆ, ಆದ್ದರಿಂದ ಆ ವಿಷಯ ಬೆಳೆಸುವುದಿಲ್ಲ. ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತು, ಮದುವೆ ಮಾತು ತಂದವರನ್ನೆಲ್ಲ ಬಾಗಿಲಿಂದಲೇ ಕಳಿಸಿ, ಕೊನೆಗೆ ಒಂದು ದಿನ ಆ ಕೆಲಸ ಬಿಟ್ಟು ಶಿಕ್ಷಕರ ತರಬೇತಿ ಕಾಲೇಜಿಗೆ ಸೇರಿಬಿಟ್ಟಳು. ಜೊತೆಯವರೆಲ್ಲ ಅವಳಿಗಿಂತ ಹತ್ತು ವರ್ಷ ಚಿಕ್ಕವರು. "ಅವರ ಜೊತೆ ನಿಂತ್ರೆ ಅವರಮ್ಮ ಊಟದ ಡಬ್ಬಿ ಕೊಡೋಕೆ ಬಂದಂಗೆ ಕಾಣ್ತೀಯ" ಎಂದಳು ನಮ್ಮಮ್ಮ. ಅಕ್ಕ ನಕ್ಕು ಡಬ್ಬಿ ತೆಗೆದುಕೊಂಡು ಹೋದಳು.

ಪಾಠ ಹೇಳುವ ಅಭ್ಯಾಸಕ್ಕೆ ಅವಳನ್ನು ಹಾಕಿದ್ದು ನಾನು ನೋಡಿಕೊಳ್ಳುವ ಶಾಲೆಯೊಂದರ ಒಂದನೇ ಕ್ಲಾಸಿಗೆ. ಮೊದಲ ದಿನವೇ ನನಗೆ ಫೋನು.

"ಲೋ, ನಿಮ್ಮ ಬೋರ್ಡು ಒರೆಸಿದ್ರೆ ಹೋಗ್ತಿಲ್ಲ ಕಣೋ."

"ಏನು ಹೋಗ್ತಿಲ್ಲ?"

"ಬರೆದಿದ್ದು. ಮಾರ್ಕರಲ್ಲಿ ಬರೆದೆ."

"ಅಯ್ಯೋ ಅಕ್ಕಾ! ಅದರ ಮೇಲೆ ಬೆರಳಲ್ಲಿ ಬರೀಬೇಕು!"

"ಬೆರಳಲ್ಲಿ ಬರೆಯೋಕೆ ಅದೇನು ಮರಳಾ? ಬೇಗ ಬಾ, ಹೆಡ್ ಮಿಸ್ ಬರೋದ್ರೊಳಗೆ."

ಹೋಗಿ ನೋಡಿದರೆ ಆನೆಯಷ್ಟು ದೊಡ್ಡ 'ಅ' ಬೋರ್ಡಿನ ತುಂಬ ಮಲಗಿತ್ತು. ನಾನು ಸ್ಪಿರಿಟ್ ಹಾಕಿ ಉಜ್ಜುತ್ತಿದ್ದರೆ ಮಕ್ಕಳು ಹಿಂದೆ ನಿಂತು, "ಅಂಕಲ್, ಆಫ್ ಮಾಡಿ ಆನ್ ಮಾಡಿ" ಎಂದು ಸಲಹೆ ಕೊಟ್ಟರು.

ಆಮೇಲೆ ಅಕ್ಕ ಹಟಕ್ಕೆ ಬಿದ್ದು ಕಲಿತಳು. ಸಂಜೆ ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ಇಟ್ಟುಕೊಂಡು, ನನ್ನನ್ನು ಬೈದು, ನನ್ನಿಂದ ಬೈಸಿಕೊಂಡು, ಚಿತ್ರ ಅಂಟಿಸುವುದು, ಎಳೆಯುವುದು, ಬಿಡುವುದು ಎಲ್ಲ ಕಲಿತಳು. ಕಲಿತವಳು ಮಾಡಿದ ಮೊದಲ ಸ್ವಂತ ಕೆಲಸ ಹಾಜರಿಯ ಆಟ. ಬೋರ್ಡಿನ ಎಡಗಡೆ ಒಂದು ಮನೆ, ಬಲಗಡೆ ಒಂದು ಶಾಲೆ, ನಡುವೆ ಉದ್ದದ ರಸ್ತೆ. ಮನೆಯ ತುಂಬ ಮಕ್ಕಳ ಫೋಟೋಗಳು, ಬರೀ ಮುಖ. ಬೆಳಗ್ಗೆ ಕ್ಲಾಸಿಗೆ ಬಂದ ಪ್ರತಿಯೊಬ್ಬರೂ ತಮ್ಮ ಮುಖದ ಮೇಲೆ ಬೆರಳಿಟ್ಟು ಎಳೆದುಕೊಂಡು ಹೋಗಿ ಶಾಲೆಯೊಳಗೆ ಬಿಡಬೇಕು. ಮನೆಯಲ್ಲಿ ಉಳಿದವರು ಅವತ್ತು ಬಂದಿಲ್ಲ ಎಂದು ಲೆಕ್ಕ.

ಅದಕ್ಕೊಂದೇ ಕಟ್ಟಳೆ ಮಾಡಿದ್ದಳು: ಅವರವರ ಮುಖ ಅವರವರೇ ಎಳೆಯಬೇಕು, ಇನ್ನೊಬ್ಬರದು ಮುಟ್ಟುವಂತಿಲ್ಲ. ಇದನ್ನು ಕಾಯುವ ಕೆಲಸ ಲಾಯರ್‌ನದು. ಲಾಯರ್ ಎಂದರೆ ಮುಂದಿನ ಬೆಂಚಿನ ಒಬ್ಬ ಹುಡುಗ. ಹಲ್ಲುಜ್ಜುವುದಕ್ಕೂ ಕಾರಣ ಕೇಳುವ ಜಾತಿ.

ದಿನವೂ ಮನೆಯಲ್ಲಿ ಕೊನೆಗೆ ಉಳಿಯುತ್ತಿದ್ದ ಮುಖ ಒಂದೇ. ಅದು ಲೇಟಮ್ಮನದು. ಅವಳಮ್ಮ ಆಫೀಸುಗಳನ್ನು ಗುಡಿಸಿ ಒರೆಸಿ ಮನೆಗೆ ಬಂದ ಮೇಲೆಯೇ ಅವಳಿಗೆ ಜಡೆ ಆಗಬೇಕು, ಶಾಲೆಗೆ ಹೊರಡಬೇಕು. ಹಾಗಾಗಿ ಅವಳು ಬರುವಷ್ಟರಲ್ಲಿ ಉಳಿದವರೆಲ್ಲ ಬೋರ್ಡಿನ ಶಾಲೆಯೊಳಗೆ ಕಿಕ್ಕಿರಿದಿರುತ್ತಿದ್ದರು. ಮನೆಯಲ್ಲಿ ಅವಳೊಬ್ಬಳೇ. ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡು, ಮುಂದಿನ ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದುಕೊಂಡು ನಗುತ್ತಿದ್ದಳು. ಅಷ್ಟರಲ್ಲಿ ಕಾರಿಡಾರಿನಲ್ಲಿ ಶೂ ಸದ್ದು ಪಟಪಟ ಕೇಳುತ್ತಿತ್ತು. ಒಂದು ಕಾಲುಚೀಲ ಮೇಲೆ, ಒಂದು ಕೆಳಗೆ. ಬೆನ್ನ ಮೇಲಿನ ಬ್ಯಾಗನ್ನೂ ಇಳಿಸದೆ ಬೋರ್ಡಿಗೆ ಓಡಿ, ಬೆರಳಲ್ಲ, ಇಡೀ ಅಂಗೈ ಒತ್ತಿ ತನ್ನ ಮುಖವನ್ನು ಸರ್ರನೆ ಎಳೆದುಬಿಡುತ್ತಿದ್ದಳು. "ಬಂದೇ!" ಎಂದು ಕೂಗುತ್ತಿದ್ದಳು. ಇಡೀ ಕ್ಲಾಸು ಚಪ್ಪಾಳೆ ಹೊಡೆಯುತ್ತಿತ್ತು. ಪಾಠ ಶುರುವಾಗುತ್ತಿದ್ದದ್ದು ಅದಾದ ಮೇಲೆ.

"ಬೇಗ ಬರೋ ಮಕ್ಕಳಿಗೆ ಚಪ್ಪಾಳೆ ಇಲ್ಲ, ಲೇಟಾಗಿ ಬರೋಳಿಗೆ ಚಪ್ಪಾಳೆ. ಇದ್ಯಾವ ನ್ಯಾಯ?" ಎಂದು ಲಾಯರ್ ಒಮ್ಮೆ ಕೇಳಿದ. ಅಕ್ಕ ಆ ಪ್ರಶ್ನೆಯನ್ನು ಹಾಗೇ ಹೊತ್ತು ತಂದಳು. ಮನೆಗೆ ಬಂದು ನನ್ನನ್ನು ಕೇಳಿದಳು. ನನಗೆ ಯಾವತ್ತು ಉತ್ತರ ಹೊಳೆದಿದೆ?

ಪರೀಕ್ಷೆಯ ಪಾಠ ಹತ್ತಿರವಾಗುತ್ತಿತ್ತು. ಕಾಲೇಜಿನಿಂದ ಪರೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡುವ ಪಾಠ ಅದು. ಅಂಕವೆಲ್ಲ ಬೋರ್ಡನ್ನು ಹೇಗೆ ಬಳಸಿದಳು ಎನ್ನುವುದಕ್ಕೆ. ಇದರಲ್ಲಿ ಪಾಸಾದರೆ ಇದೇ ಶಾಲೆಯಲ್ಲಿ, ಇದೇ ಮಕ್ಕಳ ಜೊತೆ ಕೆಲಸ ಎಂದು ಹೆಡ್ ಮಿಸ್ ಬಾಯಿಬಿಟ್ಟು ಹೇಳಿದ್ದರು. ಅಕ್ಕ ಆ ಮಾತನ್ನು ಮನೆಯಲ್ಲಿ ಎಷ್ಟು ಸಲ ಹೇಳಿದಳೆಂದರೆ ನಮ್ಮಮ್ಮ, "ಆಯ್ತು ತಾಯಿ, ಕಿವಿ ತೂತು ಬಿತ್ತು" ಎಂದಳು.

ಆ ನಡುವೆ ಲೇಟಮ್ಮನಿಗೆ ಜ್ವರ ಬಂತು. ಮೊದಲು ಸುಮ್ಮನೆ ಜ್ವರ ಅಂದರು, ಆಮೇಲೆ ಆಸ್ಪತ್ರೆಗೆ ಸೇರಿಸಿದ್ದಾರೆ ಅಂದರು, ಆಮೇಲೆ ಏನೂ ಹೇಳಲಿಲ್ಲ. ಒಂದು ಬೆಳಗ್ಗೆ ಹೆಡ್ ಮಿಸ್ ಅಕ್ಕನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಮಗು ಹೋಗಿಬಿಟ್ಟಿತ್ತು.

"ಸಣ್ಣ ಮಕ್ಕಳು, ಹೆದರ್ತಾರೆ. ಅಜ್ಜಿ ಊರಿಗೆ ಹೋಗಿದಾಳೆ ಅಂತ ಹೇಳಿ. ಆಮೇಲೆ ಮರೀತಾರೆ" ಎಂದರಂತೆ.

ಅಕ್ಕ ತರಬೇತಿಯವಳು. ಹೇಳಿದ್ದನ್ನು ಕೇಳಬೇಕು. ಹಾಗೇ ಹೇಳಿದಳು.

ಮಕ್ಕಳು ಮರೆಯಲಿಲ್ಲ. ಬೆಳಗ್ಗೆ ಎಲ್ಲರೂ ತಮ್ಮ ತಮ್ಮ ಮುಖ ಎಳೆದು ಕೂತ ಮೇಲೆ ಮನೆಯಲ್ಲಿ ಲೇಟಮ್ಮ ಎಂದಿನಂತೆ ಒಬ್ಬಳೇ ನಗುತ್ತಿದ್ದಳು. ಅದರಲ್ಲಿ ಅವರಿಗೆ ಹೊಸದೇನೂ ಕಾಣಲಿಲ್ಲ. ಅವಳು ಉಳಿಯುವುದೇ ಹಾಗೆ, ಬರುವುದೇ ಹಾಗೆ. ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು. "ಮಿಸ್, ಅಜ್ಜಿ ಊರಿಂದ ಇವತ್ತು ಬರ್ತಾಳಾ?" ಕಾರಿಡಾರಿನಲ್ಲಿ ಯಾರದಾದರೂ ಶೂ ಸದ್ದಾದರೆ ಕೈಗಳು ಚಪ್ಪಾಳೆಗೆ ಏಳುತ್ತಿದ್ದವು.

ಆ ಫೋಟೋ ತೆಗೆದುಹಾಕಿ ಎಂದು ಹೆಡ್ ಮಿಸ್ ಹೇಳಿದರು. ಅಕ್ಕ ನನ್ನನ್ನು ಕರೆಸಿದಳು. ತೆಗೆಯುವುದು ಅವಳಿಗೂ ಗೊತ್ತಿತ್ತು, ನಾನೇ ಕಲಿಸಿದ್ದೆ. ಆದರೂ ಕರೆಸಿದಳು. ಶಾಲೆ ಬಿಟ್ಟ ಮೇಲೆ ಹೋಗಿ ಬೋರ್ಡಿನ ಮುಂದೆ ನಿಂತೆ. ಅಳಿಸಲೇ ಎಂದು ಯಂತ್ರ ಕೇಳುತ್ತಿತ್ತು, ಹೌದು ಎಂಬಲ್ಲಿ ಬೆರಳು ಇಡುವುದಷ್ಟೇ ಬಾಕಿ. ಆಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕೈಯಲ್ಲಿ ಶಾಲೆಯಿಂದ ಓದಲು ಕೊಟ್ಟಿದ್ದ ಚಿತ್ರದ ಪುಸ್ತಕ.

"ಇದು ಮನೇಲೇ ಉಳಿದಿತ್ತು ಮಿಸ್. ವಾಪಸ್ ಕೊಡೋಣ ಅಂತ."

ಲೇಟಮ್ಮನ ಅಮ್ಮ. ಪುಸ್ತಕ ಕೊಟ್ಟವಳು ಬೋರ್ಡು ನೋಡಿದಳು. ನಾನು ಅಡ್ಡ ನಿಲ್ಲೋಣ ಎಂದುಕೊಂಡೆ. ಆದರೆ ನನ್ನ ದೇಹ ನೋಡಿದವರಿಗೆ ಗೊತ್ತು, ಅದು ಏನನ್ನೂ ಮರೆಮಾಡುವಂಥದ್ದಲ್ಲ.

"ಇದೇನಾ ಅವಳು ಹೇಳ್ತಿದ್ದ ಆಟ?" ಎಂದು ಕೇಳಿದಳು. ಅಕ್ಕ ತಲೆಯಾಡಿಸಿದಳು. ಎಡಗಡೆ ಮನೆ, ಬಲಗಡೆ ಶಾಲೆ ಎಂದು ಮೆಲ್ಲಗೆ ಹೇಳಿದಳು. ಆ ತಾಯಿ ಎಡಗಡೆಯ ಮನೆಯನ್ನು ನೋಡಿದಳು.

"ಇಲ್ಲಾದ್ರೂ ಮನೇಲಿದಾಳೆ" ಎಂದು ಹೇಳಿ, ಸೆರಗಿನಿಂದ ಮೂಗೊರೆಸಿಕೊಂಡು ಹೊರಟುಹೋದಳು.

ನಾನು ಅಳಿಸದೆ ಬೆರಳು ಹಿಂದಕ್ಕೆ ತೆಗೆದೆ. ಬ್ಯಾಗು ತೆಗೆದುಕೊಂಡು ಇಬ್ಬರೂ ಮನೆಗೆ ಬಂದೆವು.

ಪರೀಕ್ಷೆಯ ದಿನ ಬೋರ್ಡು ಕೈಕೊಡಬಾರದೆಂದು ಹೆಡ್ ಮಿಸ್ ನನ್ನನ್ನು ಕ್ಲಾಸಿನ ಮೂಲೆಯಲ್ಲೇ ನಿಲ್ಲಿಸಿದ್ದರು. ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಮಂಡಿ ಮಡಚಿ ಹೇಗೋ ಕೂತಿದ್ದರು, ಆರು ವರ್ಷದವರಿಗೆ ಮಾಡಿದ ಬೆಂಚು ಅದು. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಅವತ್ತಿನ ಪಾಠ ಬೀಜದಿಂದ ಗಿಡ. ಮಕ್ಕಳು ಬೀಜ ಎಳೆದು ಮಣ್ಣಿಗೆ ಹಾಕಬೇಕು, ಮೋಡ ಎಳೆದು ಮೇಲಿಡಬೇಕು, ಗಿಡ ಏಳಬೇಕು. ಎಷ್ಟು ಸಂಜೆ ಕೂತು ಮಾಡಿದ್ದಳೆಂದರೆ ನಮ್ಮ ಊಟದ ಮೇಜಿನ ಮೇಲೇ ಒಂದು ಗಿಡ ಎದ್ದುಬಿಡಬೇಕಿತ್ತು.

ಅದಕ್ಕೂ ಮೊದಲು ಹಾಜರಿ. ಮಕ್ಕಳು ಒಬ್ಬೊಬ್ಬರೇ ಬಂದು ಎಳೆದರು. ಪರೀಕ್ಷಕರು ಮೆಚ್ಚಿಕೊಂಡು ತಲೆಯಾಡಿಸಿದ್ದನ್ನು ನಾನು ಕಣ್ಣಾರೆ ನೋಡಿದೆ. ಕೊನೆಗೆ ಮನೆಯಲ್ಲಿ ಒಂದು ಮುಖ ಉಳಿಯಿತು.

"ಒಬ್ಬರು ಬಂದಿಲ್ಲ, ಅಲ್ವಾ? ಮುಂದುವರಿಸಿ" ಎಂದರು ಪರೀಕ್ಷಕರು.

ಲಾಯರ್ ಎದ್ದು ನಿಂತ. "ಸರ್, ಅವಳು ದಿನಾ ಲೇಟು ಸರ್. ಈಗ ಅಜ್ಜಿ ಊರಿಗೆ ಹೋಗಿದಾಳೆ. ಮಿಸ್, ಇವತ್ತು ಪರೀಕ್ಷೆ ಅಂತ ಅವಳಿಗೆ ಹೇಳಿದೀರಾ?"

ಅಕ್ಕ ಬೀಜದ ಚಿತ್ರ ತೆರೆಯಲು ಎತ್ತಿದ ಕೈಯನ್ನು ಇಳಿಸಿದಳು. ಮೇಜನ್ನು ಪಕ್ಕಕ್ಕೆ ತಳ್ಳಿ ಮಕ್ಕಳ ಎದುರು ನೆಲದ ಮೇಲೆ ಕೂತಳು. ಇಸ್ತ್ರಿ ಮಾಡಿದ ಸೀರೆಯಲ್ಲೇ.

"ಅವಳು ಅಜ್ಜಿ ಊರಿಗೆ ಹೋಗಿಲ್ಲ ಮಕ್ಕಳೇ. ಅವಳಿಗೆ ತುಂಬಾ ಜ್ವರ ಬಂತು. ಡಾಕ್ಟರು ಎಷ್ಟು ನೋಡಿದ್ರೂ ಆಗಲಿಲ್ಲ. ಅವಳು ಸತ್ತುಹೋದಳು."

"ಹಾಗಾದ್ರೆ ನೀವು ಸುಳ್ಳು ಹೇಳಿದ್ರಾ?" ಎಂದ ಲಾಯರ್.

"ಹೂಂ. ಹೇಳಿದೆ. ಹೇಳಬಾರದಿತ್ತು."

ಯಾರೋ ಅಳಲು ಶುರುಮಾಡಿದರು. ನೋಡಿ ಇನ್ನಿಬ್ಬರು ಅತ್ತರು. ಒಬ್ಬಳು ಹುಡುಗಿ ಮಾತ್ರ ಬೋರ್ಡನ್ನೇ ನೋಡುತ್ತ, "ಹಾಗಾದ್ರೆ ಅವಳನ್ನ ಎಲ್ಲಿಡೋದು ಮಿಸ್? ಮನೇಲಿ ಒಬ್ಬಳೇ ಆಗ್ತಾಳೆ" ಎಂದಳು.

"ಶಾಲೆಗೆ ಕರ್ಕೊಂಡ್ ಬರೋಣ" ಎಂದ ಇನ್ನೊಬ್ಬ ಹುಡುಗ.

"ಮುಟ್ಟೋ ಹಾಗಿಲ್ಲ. ಅವಳ ಮುಖ ಅವಳೇ ಎಳೀಬೇಕು. ರೂಲ್ಸು" ಎಂದ ಲಾಯರ್. ಅವನ ಕೆನ್ನೆಯ ಮೇಲೂ ನೀರು ಹರಿಯುತ್ತಿತ್ತು, ಆದರೆ ಕಾನೂನು ಕಾನೂನೇ.

"ಅವಳಿಗೆ ಆಗಲ್ವಲ್ಲೋ!" ಎಂದಳು ಆ ಹುಡುಗಿ.

ಲಾಯರ್ ಯೋಚಿಸಿದ. ಅಷ್ಟು ಸಣ್ಣ ಹಣೆಯಲ್ಲಿ ಅಷ್ಟು ಗೆರೆ ನಾನು ನೋಡಿರಲಿಲ್ಲ. "ಎಲ್ರೂ ಒಟ್ಟಿಗೆ ಎಳೆದ್ರೆ, ಯಾರೂ ಎಳೆದಂಗೆ ಆಗಲ್ಲ" ಎಂದು ತೀರ್ಪು ಕೊಟ್ಟ.

ಅಕ್ಕ ತಡೆಯುವ ಮೊದಲೇ ಇಡೀ ಕ್ಲಾಸು ಬೋರ್ಡಿನ ಮುಂದೆ ಇತ್ತು. ಒಬ್ಬರ ಕಂಕುಳಲ್ಲಿ ಒಬ್ಬರು ತೂರಿ, ಹಿಂದಿನವರು ಬೆಂಚು ಹತ್ತಿ, ಎಲ್ಲರ ಅಂಗೈಗಳೂ ಆ ಒಂದು ಮುಖದ ಮೇಲೆ. ಮೂಲೆಯಲ್ಲಿ ನಿಂತ ನನಗೆ ಆಗಲಿರುವುದು ಗೊತ್ತಿತ್ತು. ಆ ಬೋರ್ಡು ಒಂದೇ ಸಲಕ್ಕೆ ಅಷ್ಟು ಕೈ ತಡೆಯುವುದಿಲ್ಲ. ಲೇಟಮ್ಮ ಮನೆಯಿಂದ ಹೊರಬಿದ್ದಳು, ತಡವರಿಸುತ್ತ ತಡವರಿಸುತ್ತ ರಸ್ತೆಯ ನಡುವಿನವರೆಗೆ ಬಂದಳು. ಅಲ್ಲಿ ಬೋರ್ಡು ಹ್ಯಾಂಗ್ ಆಯಿತು.

ಮಕ್ಕಳು ಕೈ ತೆಗೆದರು. ಅವಳು ಮನೆಗೂ ಶಾಲೆಗೂ ನಡುವೆ ನಗುತ್ತ ನಿಂತಿದ್ದಳು.

"ಓಡಿ ಬರ್ತಿದಾಳೆ" ಎಂದಿತು ಒಂದು ಮಗು.

ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ಏನ್ರೀ, ನೋಡ್ತಾ ನಿಂತಿದೀರಲ್ಲ. ಸರಿ ಮಾಡಿ. ಪಾಠ ಆಗಬೇಕು."

ಆಫ್ ಮಾಡಿ ಆನ್ ಮಾಡಬೇಕಿತ್ತು. ನನಗೆ ಬರುವ ಒಂದೇ ವಿದ್ಯೆ, ಅದಕ್ಕೇ ನನ್ನನ್ನು ಅಲ್ಲಿ ನಿಲ್ಲಿಸಿದ್ದು. ಆದರೆ ಹಾಗೆ ಮಾಡಿದರೆ ಎಲ್ಲ ಮುಖಗಳೂ ಮತ್ತೆ ಮನೆಯೊಳಗೆ ಹೋಗಿ ಕೂರುತ್ತವೆ, ಅವಳದೂ. ಸ್ವಿಚ್ಚಿನ ಮೇಲೆ ಕೈಯಿಟ್ಟು ಅಕ್ಕನನ್ನು ನೋಡಿದೆ. ಅವಳು ನೆಲದ ಮೇಲಿಂದಲೇ ನನ್ನನ್ನು ನೋಡಿ ಬೇಡ ಎಂದು ತಲೆಯಾಡಿಸಿದಳು. ಬಾಗಿಲ ಮೇಲಿನ ಇದ್ದಿಲು ಒರೆಸಬೇಡ ಎಂದು ಚಿಕ್ಕಂದಿನಲ್ಲಿ ಹೀಗೇ ತಲೆಯಾಡಿಸುತ್ತಿದ್ದಳು.

"ಸರ್, ಇದು ಕಂಪನಿಗೆ ಹೇಳಬೇಕಾಗುತ್ತೆ" ಎಂದೆ. ಸ್ವಿಚ್ಚಿನಿಂದ ಕೈ ತೆಗೆದೆ.

ಪಕ್ಕದ ಗೋಡೆಯಲ್ಲಿ ಹಳೆಯ ಕರಿಹಲಗೆ ಇತ್ತು. ಅಕ್ಕ ಎದ್ದು, ಸೀರೆ ಕೊಡವಿಕೊಂಡು, ಸೀಮೆಸುಣ್ಣ ಹುಡುಕಿ ಅದರ ಮೇಲೆ ಒಂದು ಬೀಜ ಬರೆದಳು. ಮಕ್ಕಳು ಮೂಗೊರೆಸಿಕೊಳ್ಳುತ್ತ ಕೂತು ಕೇಳಿದರು. ಮಣ್ಣಿನ ಕತ್ತಲಲ್ಲಿ ಬೀಜ ಎಷ್ಟು ದಿನ ಸುಮ್ಮನಿರುತ್ತದೆ ಎಂದು ಅವಳು ಹೇಳುತ್ತಿದ್ದರೆ ನಾನೂ ಕೂತು ಕೇಳಿದೆ, ಎಷ್ಟೋ ವರ್ಷಗಳ ಮೇಲೆ.

ಪಾಠ ಮುಗಿದ ಮೇಲೆ ಪರೀಕ್ಷಕರು ಮಂಡಿ ಹಿಡಿದುಕೊಂಡು ಎದ್ದರು. "ಪಾಠ ಚೆನ್ನಾಗಿತ್ತಮ್ಮ. ಆದರೆ ನಾನು ಅಂಕ ಕೊಡಬೇಕಾಗಿರೋದು ಬೋರ್ಡಿಗೆ" ಎಂದರು. ನಿಜವಾಗಿಯೂ ಬೇಜಾರು ಮಾಡಿಕೊಂಡೇ ಹೇಳಿದರು. ಬೇಜಾರಿಗೆ ಅಂಕ ಇರುವುದಿಲ್ಲ. ಅಕ್ಕ ಫೇಲಾದಳು. ಮುಂದಿನ ಬ್ಯಾಚಿನ ಜೊತೆ ಮತ್ತೆ ಬನ್ನಿ ಎಂದಿತು ಕಾಲೇಜು. ಆ ಕ್ಲಾಸಿನ ಕೆಲಸ ಬೇರೆಯವರಿಗೆ ಹೋಯಿತು.

ಪರೀಕ್ಷೆಯ ದಿನವೇ ಸಂಜೆ ಎಲ್ಲರೂ ಹೋದ ಮೇಲೆ ನಾನೇ ಬೋರ್ಡು ಆರಿಸಬೇಕಾಯಿತು. ರಾತ್ರಿಯಿಡೀ ಉರಿಯಲು ಬಿಡುವ ಹಾಗಿಲ್ಲ. ಅಕ್ಕನೂ ನಾನೂ ಮತ್ತೆ ಹಚ್ಚಿ ನೋಡಿದೆವು. ಲೇಟಮ್ಮ ಮನೆಗೆ ಹೋಗಿದ್ದಳು. ಅಕ್ಕ ಹತ್ತಿರ ಹೋಗಿ, ಬೆರಳು ಇನ್ನೇನು ಗಾಜಿಗೆ ತಾಕಬೇಕು ಅನ್ನುವಷ್ಟರಲ್ಲಿ ಕೈ ಹಿಂದಕ್ಕೆ ತೆಗೆದುಕೊಂಡಳು. ಕಟ್ಟಳೆ ಅವಳದೇ ಅಲ್ಲವೇ.

ಈಗ ಅಕ್ಕ ಮತ್ತೆ ಅದೇ ಬಟ್ಟೆ ಅಂಗಡಿಯ ಕೌಂಟರಿನಲ್ಲಿದ್ದಾಳೆ. ಮತ್ತೆ ಕಾಲೇಜಿನ ಮಾತು ಎತ್ತಿದರೆ, "ನೋಡೋಣ" ಎನ್ನುತ್ತಾಳೆ. ಊಟದ ಮೇಜು ಈಗ ಬರೀ ಊಟಕ್ಕೆ. ಮೊನ್ನೆ ಸಂಜೆ ಅವಳನ್ನು ಕರೆದುಕೊಂಡು ಬರಲು ಹೋಗಿದ್ದೆ. ಯೂನಿಫಾರ್ಮ್ ಕೊಳ್ಳುವ ಕಾಲ, ಅಂಗಡಿ ತುಂಬ ಮಕ್ಕಳು. ಅಳತೆಗೆ ದೊಡ್ಡದಾದ ಅಂಗಿಯೊಂದರೊಳಗಿಂದ ಒಂದು ತಲೆ ಹೊರಬಂತು.

"ಮಿಸ್! ನೀವು ಯಾಕೆ ಇಲ್ಲಿದೀರಾ?"

"ಕೆಲಸ ಕಣೋ."

ಲಾಯರ್ ಕೌಂಟರಿಗೆ ಗಲ್ಲವೂರಿ ನಿಂತ. ಅವನ ಕೇಸು ಬೇರೆಯೇ ಇತ್ತು. "ಬೋರ್ಡು ಸರಿ ಆಯ್ತಾ ಮಿಸ್? ಹೊಸ ಮಿಸ್ಸು ಆ ಆಟ ಆಡಿಸಲ್ಲ. ಅವಳು ಈಗ ಎಲ್ಲಿದಾಳೆ?"

ರಸ್ತೆಯಲ್ಲೇ ಇದ್ದಾಳೆ ಎಂದು ಹೇಳಿಬಿಡೇ ಅಕ್ಕ, ನಿನ್ನ ಗಂಟೇನು ಹೋಗುತ್ತದೆ ಎಂದು ನನ್ನ ಮನಸ್ಸು ಹೊಡೆದುಕೊಂಡಿತು.

"ಸರಿ ಆಯ್ತು ಪುಟ್ಟ" ಎಂದಳು ಅಕ್ಕ. "ಮನೇಲಿದಾಳೆ."

ಅವನು ಯೋಚಿಸಿದ. "ಅವರಮ್ಮ ಬಂದಿರ್ತಾರೆ ಬಿಡಿ, ಈ ಹೊತ್ತಿಗೆ" ಎಂದು ಹೇಳಿ, ಅಂಗಿಯ ಉದ್ದ ತೋಳುಗಳನ್ನು ಬೀಸುತ್ತ ತನ್ನ ಅಮ್ಮನ ಕಡೆ ಓಡಿದ.

ಅಕ್ಕ ಮುಂದಿನವರ ಬಟ್ಟೆ ಎತ್ತಿಕೊಂಡಳು. ಒಂದೇ ಅಂಗಿಯನ್ನು ಮತ್ತೆ ಮತ್ತೆ ಬಿಲ್ಲಿಗೆ ಸೇರಿಸುತ್ತಿದ್ದಳು. ಸಾಲಿನಲ್ಲಿದ್ದವರು ಯಂತ್ರ ಕೆಟ್ಟಿದೆಯಾ ಎಂದು ಕೇಳಿದರು. ಹೆಗಲ ಮೇಲೆ ಕಂಪನಿಯ ಬ್ಯಾಗು ಹಾಕಿಕೊಂಡು ನಾನು ಅಲ್ಲೇ ನಿಂತಿದ್ದೆ.